ಒಂಬತ್ತು ಗಂಟೆಯ ನಕಲು

ನಮ್ಮ ಕಂಪ್ಯೂಟರಿಗೆ ಬಾಯಿ ಇದೆ. ಅಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ, ಅವಳಿಗೋಸ್ಕರ ಅದು ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುತ್ತದೆ. ನಾನು ಅದಕ್ಕೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದೇನೆ. ಮೂರು ವಾರದಿಂದ ಅದು ಡಿಸ್ಕ್ ತುಂಬುತ್ತಿದೆ, ಡಿಸ್ಕ್ ತುಂಬುತ್ತಿದೆ ಎಂದು ಒಂದೇ ಸಮನೆ ಗೊಣಗುತ್ತಿತ್ತು. ತಲೆ ಚಿಟ್ಟುಹಿಡಿದು ನಾನೇ ಅದರ ಬಾಯಿ ಮುಚ್ಚಿಸಿದೆ. ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಎರಡು ಕೋಣೆಯ ಬ್ರೈಲ್ ಮುದ್ರಣಾಲಯ. ನಾನು ಪುಸ್ತಕ ಟೈಪು ಮಾಡುತ್ತೇನೆ, ಯಂತ್ರ ಅದನ್ನು ದಪ್ಪ ಕಾಗದದ ಮೇಲೆ ಉಬ್ಬುಚುಕ್ಕಿಗಳಾಗಿ ಒತ್ತುತ್ತದೆ, ಅಕ್ಕ ಬೆರಳಿನಿಂದ ಓದಿ ತಪ್ಪು ಹೇಳುತ್ತಾಳೆ, ನಾನು ತಿದ್ದುತ್ತೇನೆ. ಹತ್ತೊಂಬತ್ತು ವರ್ಷವಾದರೂ ಆ ಚುಕ್ಕಿ ಓದಲು ನನಗೆ ಬರುವುದಿಲ್ಲ. ಅಕ್ಕ ಇದ್ದಾಳಲ್ಲ ಎಂದು ಕಲಿಯುವ ಗೋಜಿಗೇ ಹೋಗಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಬೆರಳ ತುದಿಗಳು ಮರಗಟ್ಟುತ್ತಿವೆ, ಇನ್ನು ಹೆಚ್ಚು ದಿನ ಓದಲಾಗದು ಎಂದು ವೈದ್ಯರು ಹೇಳಿದ್ದರು. "ಈ ವಿಜ್ಞಾನದ ಪುಸ್ತಕ ಒಂದು ಮುಗಿಸಿಬಿಡ್ತೀನಿ ಕಣೇ, ಆಮೇಲೆ ಬೇಕಾದ್ರೆ ಕೈಕಟ್ಟಿ ಕೂತ್ಕೋತೀನಿ" ಎಂದಿದ್ದಳು. ನಾಲ್ಕು ತಿಂಗಳಲ್ಲಿ ಮುನ್ನೂರ ಅರವತ್ತು ಪುಟ ಮುಗಿದಿತ್ತು. ಅವಳು ಬಾಯಲ್ಲಿ ಹೇಳಿದ ತಿದ್ದುಪಡಿಗಳೆಲ್ಲ ಒಂದೇ ಕಡತದಲ್ಲಿದ್ದವು. ಅದು ಹಾಳಾದರೆ ಇನ್ನೊಮ್ಮೆ ಓದುವಷ್ಟು ಶಕ್ತಿ ಆ ಬೆರಳುಗಳಿಗೆ ಉಳಿದಿರಲಿಲ್ಲ.

ಅಂದು ಬೆಳಿಗ್ಗೆ ಕೆಲಸ ಹೂವೆತ್ತಿದಂತೆ ಸಾಗಿತು. ಪುಟಕ್ಕೆ ಎರಡಾದರೂ ತಪ್ಪು ಹಿಡಿಯುವ ಅಕ್ಕ ಮುಂದಿನ ಮೂವತ್ತೆರಡು ಪುಟಗಳಲ್ಲಿ ಒಂದನ್ನೂ ಹಿಡಿಯಲಿಲ್ಲ. "ಸರಿ ಇದೆ, ಮುಂದೆ" ಎನ್ನುವಳು; ನಾನು ಆ ಪುಟಕ್ಕೆ ಸರಿ ಗುರುತು ಹಾಕಿ ಉಳಿಸುವೆನು. ಅಂತೂ ನನ್ನ ಟೈಪಿಂಗ್ ಪಳಗಿತು ಎಂದು ಒಳಗೊಳಗೇ ಹಿಗ್ಗಿದೆ.

ಹನ್ನೆರಡೂವರೆ ಕಳೆದಾಗ ಕಂಪ್ಯೂಟರ್ ತೀರಾ ನಿಧಾನವಾಯಿತು. ಕಡತವನ್ನು ಮುಚ್ಚಿ ಮತ್ತೆ ತೆರೆದೆ. ಒಳಗೆ ಏನೂ ಇರಲಿಲ್ಲ. ಒಂದು ಅಕ್ಷರ ಕೂಡ.

ನಕಲುಗಳಿವೆಯಲ್ಲ ಎಂದು ಧೈರ್ಯ ತಂದುಕೊಂಡು ಆ ಪಟ್ಟಿ ತೆರೆದೆ. ಅರ್ಧ ಗಂಟೆಗೊಮ್ಮೆ ತಾನಾಗಿಯೇ ಒಂದು ನಕಲು ಆಗಬೇಕು, ಪ್ರತಿ ಪುಸ್ತಕಕ್ಕೂ ಎಂಟೇ ನಕಲು ಉಳಿಯಬೇಕು, ಒಂಬತ್ತನೆಯದು ಬಂದರೆ ಎಲ್ಲಕ್ಕಿಂತ ಹಳೆಯದು ಅಳಿಯಬೇಕು ಎಂದು ನಾನೇ ಹೊಂದಿಸಿದ್ದೆ. ಮುಗಿದ ಪುಸ್ತಕಗಳ ನಕಲುಗಳನ್ನು ನಾನು ತೆಗೆದುಹಾಕಬೇಕಿತ್ತು. ನಾಳೆ ಮಾಡಿದರಾಯಿತು ಎನ್ನುತ್ತಾ ವರ್ಷಗಟ್ಟಲೆ ಪೇರಿಸಿದ್ದೆ. ಅವೆಲ್ಲ ಡಿಸ್ಕನ್ನು ನುಂಗಿದ್ದವು. ಜಾಗ ಸಾಲದೆ ಬೆಳಿಗ್ಗೆ ಮೊದಲ ಸಲ ಉಳಿಸಿದಾಗಲೇ ಡಿಸ್ಕಿನಲ್ಲಿದ್ದ ಕಡತ ಬರಿದಾಗಿತ್ತು, ಪರದೆಯ ಮೇಲಷ್ಟೇ ತುಂಬಿ ಕಾಣುತ್ತಿತ್ತು; ಆ ಬರಿದನ್ನೇ ಯಂತ್ರ ನಿಯತ್ತಾಗಿ ನಕಲು ಮಾಡುತ್ತಿತ್ತು. ಒಂಬತ್ತೂವರೆಯದು ಸೊನ್ನೆ. ಹತ್ತರದು ಸೊನ್ನೆ. ಹನ್ನೆರಡೂವರೆಯವರೆಗೆ ಏಳೂ ಸೊನ್ನೆ. ತುಂಬಿದ್ದು ಒಂದೇ ಒಂದು, ಒಂಬತ್ತು ಗಂಟೆಯದು. ಎಲ್ಲಕ್ಕಿಂತ ಹಳೆಯದೂ ಅದೇ. ಒಂದು ಗಂಟೆ ಹೊಡೆದರೆ ಅದು ಹೋಗುತ್ತಿತ್ತು.

ಗೋಡೆ ಗಡಿಯಾರದಲ್ಲಿ ಹನ್ನೆರಡು ನಲವತ್ತೈದು.

ಅದನ್ನು ಬೇರೆಡೆಗೆ ಎಳೆಯೋಣವೆಂದರೆ ಮೌಸಿನ ಬಾಣ ಅಲುಗಲೊಲ್ಲದು. ರಿಪೇರಿಯವರಿಗೆ ಫೋನ್ ಮಾಡಿದೆ. "ಜಾಗ ಇಲ್ವಾ? ಹಳೇದನ್ನ ಒರೆಸಿಹಾಕಿ ಮೇಡಂ, ಎಲ್ಲಾ ಸರಿಹೋಗುತ್ತೆ" ಎಂದರು. ಪಿತ್ತ ನೆತ್ತಿಗೇರಿ ಫೋನ್ ಕುಕ್ಕಿದೆ.

"ಏನಾಯ್ತೇ?" ಅಕ್ಕ ಪಕ್ಕದ ಕೋಣೆಯಿಂದ ಗೋಡೆ ಸವರುತ್ತಾ ಬಂದಳು.

ಮುಚ್ಚಿಡುವಷ್ಟು ಹೊತ್ತಿರಲಿಲ್ಲ. ಎಲ್ಲ ಹೇಳಿದೆ. ಬಾಯಿಬಡುಕಿಯ ಬಾಯಿ ಮುಚ್ಚಿಸಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

"ವೈರ್ ಕಿತ್ತುಬಿಡ್ಲಾ?"

"ಬೇಡ. ಮತ್ತೆ ಹಾಕಿದ ತಕ್ಷಣ ಒಂದು ನಕಲು ಮಾಡೋ ಹಾಗೆ ಇಟ್ಟಿದೀಯಲ್ಲ, ನೀನೇ." ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಅದು ನಕಲನ್ನ ಹೆಸರು ನೋಡಿ ತಾನೇ ಅಳಿಸೋದು? ಒಂಬತ್ತು ಗಂಟೇದಕ್ಕೆ ಬೇರೆ ಹೆಸರಿಡು. ಅದರ ಲೆಕ್ಕಕ್ಕೇ ಸಿಗಲ್ಲ. ಹೆಸರು ಬದಲಿಸೋಕೆ ಜಾಗಾನೂ ಬೇಡ."

"ಮೌಸ್ ಸತ್ತಿದೆ ಅಕ್ಕ."

"ನಾನು ಯಾವತ್ತು ಮೌಸ್ ಮುಟ್ಟಿದ್ದೆ? ಏಳು ಅಲ್ಲಿಂದ. ಅದರ ಬಾಯಿ ಬಿಚ್ಚು."

ದನಿ ತೆರೆಯುವ ಗುಂಡಿ ಕೀಲಿಮಣೆಯಲ್ಲೇ ಇತ್ತು. ಬಾಯಿಬಡುಕಿ ತಡವರಿಸುತ್ತಾ ಮಾತಾಡಿತು. ಅಕ್ಕ ಕುಳಿತು ಕೈಯಿಟ್ಟಳು. ಪಟ್ಟಿಯ ಕೊನೆಗೆ ಹೋಗಬೇಕಿದ್ದದ್ದು ಇನ್ನೆಲ್ಲಿಗೋ ಹೋಯಿತು. ಮತ್ತೆ ಒತ್ತಿದಳು, ಮತ್ತೆ ತಪ್ಪು. ಹನ್ನೆರಡು ಐವತ್ತೆರಡು. ಜಗತ್ತಿನಲ್ಲಿ ಯಾರಿಗಿಂತಲೂ ವೇಗವಾಗಿ ಕೀಲಿ ಒತ್ತುತ್ತಿದ್ದ ನನ್ನ ಅಕ್ಕನ ಕೈಗಳು ಒಂದೊಂದು ಕೀಲಿ ಪಕ್ಕಕ್ಕೆ ಕುಳಿತಿದ್ದವು. ಎರಡು ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆಗಳಿರುತ್ತವೆ, ಅವನ್ನು ತಡವಿಯೇ ಅವಳು ಜಾಗ ಕಂಡುಕೊಳ್ಳುವುದು. ಇಂದು ಆ ಗೆರೆಗಳ ಪಕ್ಕದಲ್ಲೇ ಬೆರಳಾಡಿಸುತ್ತಿದ್ದಳು, ಸಿಗುತ್ತಿರಲಿಲ್ಲ.

ನಾನು ಅವಳ ಎರಡು ತೋರುಬೆರಳುಗಳನ್ನು ಹಿಡಿದು ಆ ಗೆರೆಗಳ ಮೇಲೆ ಇಟ್ಟೆ. ಬೆರಳುಗಳು ತಣ್ಣಗಿದ್ದವು.

ಆಮೇಲೆ ಅವಳು ತಪ್ಪಲಿಲ್ಲ. ಬಾಯಿಬಡುಕಿ ಒಂದೊಂದೇ ಸಾಲು ಓದಿತು, ಪ್ರತಿ ಸಾಲಿಗೂ ಅರ್ಧ ನಿಮಿಷ ತಿಂದಿತು. ಒಂಬತ್ತು ಗಂಟೆಯ ನಕಲು ಬಂದಾಗ ಐವತ್ತೆಂಟು. ಅಕ್ಕ ಹೆಸರು ಅಳಿಸಿ, ಅಲ್ಲಿ ನನ್ನ ಹೆಸರು ಟೈಪು ಮಾಡಿ, ಎಂಟರ್ ಒತ್ತಿದಳು. ಇಬ್ಬರೂ ಕಾದೆವು. ಒಂದು ಗಂಟೆಗೆ ಹೊಸ ಸೊನ್ನೆಯೊಂದು ಪಟ್ಟಿಗೆ ಸೇರಿತು. ನನ್ನ ಹೆಸರಿನ ಕಡತ ಇದ್ದಲ್ಲೇ ಇತ್ತು, ತುಂಬಿಕೊಂಡು.

ಹೋದ ಜೀವ ಬಂದಂತಾಯಿತು. ಅದನ್ನು ತೆರೆದು ನೋಡಿದೆ. ತಿದ್ದಿದ ಮುನ್ನೂರ ಅರವತ್ತು ಪುಟಗಳೂ ಇದ್ದವು.

"ಬೆಳಿಗ್ಗೆ ಹಾಕಿದ ಗುರುತು ಮಾತ್ರ ಹೋಗಿದೆ ಅಕ್ಕ. ಆ ಮೂವತ್ತೆರಡು ಪುಟ. ತಪ್ಪೇ ಇರ್ಲಿಲ್ವಲ್ಲ, ಐದು ನಿಮಿಷದಲ್ಲಿ ಮತ್ತೆ ಹಾಕಿಬಿಡ್ತೀನಿ."

"ಹಾಕಬೇಡ."

"ಯಾಕೆ?"

"ಓದಿಲ್ಲ ಕಣೇ." ಅವಳ ಕೈ ಇನ್ನೂ ಕೀಲಿಮಣೆಯ ಮೇಲೇ ಇತ್ತು. "ಬೆಳಿಗ್ಗೆ ಎದ್ದಾಗಿನಿಂದ ಕಾಗದ ಬರೀ ಕಾಗದದ ಥರ ಇದೆ. ಪುಟದ ಮೇಲೆ ಕೈಯಾಡಿಸಿ, ಸರಿ ಇದೆ, ಮುಂದೆ ಅಂತಿದ್ದೆ. ಮುಗಿಸ್ತೀನಿ ಅಂದಿದ್ನಲ್ಲ."

ನನ್ನ ಟೈಪಿಂಗ್ ಪಳಗಿತು ಎಂದು ಹಿಗ್ಗಿದ್ದ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅಳು ಬಂತು, ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಾನು ಹೋಗಿ ಮುನ್ನೂರ ಅರವತ್ತೊಂದನೆಯ ಪುಟ ತಂದು ಮೇಜಿನ ಮೇಲೆ ಹಾಸಿದೆ.

"ಹೇಳಿಕೊಡು" ಎಂದೆ.

"ಹತ್ತೊಂಬತ್ತು ವರ್ಷದಿಂದ ಗೋಗರೆದೆ, ಆಗ ಸೊಪ್ಪು ಹಾಕ್ಲಿಲ್ಲ."

"ಈಗ ಹೇಳಿಕೊಡು."

ಅವಳು ನನ್ನ ಬೆರಳನ್ನು ಹಿಡಿದು ಕಾಗದದ ಎಡಮೂಲೆಗೆ ತಂದಿಟ್ಟಳು. "ಏನಿದೆ?"

"ಎರಡು ಚುಕ್ಕಿ. ಮೇಲೊಂದು, ಕೆಳಗೊಂದು."

"ನಡುವೆ?"

"ಖಾಲಿ."

"ಅದು ಕ. ಮುಂದೆ."