ಪಾರಿವಾಳಕ್ಕೆ ಹೋದ ಹೀಟರ್

ವ್ಯಾನಿನ ಬಾಗಿಲ ಹಿಡಿ ಕೈಗವಸನ್ನೂ ದಾಟಿ ಬೆರಳು ಕಚ್ಚುತ್ತಿದೆ, ಕಚ್ಚಲಿ, ಒಳಗೆ ಬೆಚ್ಚಗಿರುತ್ತದೆ, ಅದಕ್ಕೇ ಅಲ್ಲವೇ ಆ ಹೀಟರ್ ತಂದದ್ದು, ಬ್ಯಾಟರಿಯ ಮೇಲೆ ನಡೆಯುವಂಥದು, ನೀರು ಹೆಪ್ಪುಗಟ್ಟುವಷ್ಟು ಚಳಿಯಾದರೆ ತಾನಾಗಿ ಹೊತ್ತಿಕೊಂಡು ಕಿಟಕಿ ತೊಳೆಯುವ ನೀರಿನ ಪಂಪನ್ನೂ ಪೈಪನ್ನೂ ಕಾಯುವಂಥದು — ಬಾಗಿಲು ತೆರೆದರೆ ಬಿಸಿಗಾಳಿಯೇ ಇಲ್ಲ, ಟ್ಯಾಂಕಿನ ಪಕ್ಕದ ಜಾಗ ಖಾಲಿ, ಹೀಟರಿಲ್ಲ, ಬ್ಯಾಟರಿಯೂ ಇಲ್ಲ, ಪಂಪಿನ ಹೊಟ್ಟೆ ಉದ್ದಕ್ಕೆ ಸೀಳಿ ಒಳಗಿನ ಮಂಜುಗಡ್ಡೆ ಹೊರಗೆ ಇಣುಕುತ್ತಿದೆ, ಕಳ್ಳರು ಎಂದುಕೊಂಡೆ, ಆದರೆ ಯಾವ ಕಳ್ಳ ಮತ್ತೆ ಬೀಗ ಹಾಕಿ ಹೋಗುತ್ತಾನೆ, ಇನ್ನೊಂದು ಕೀಲಿ ಇರುವುದು ಕ್ಲೈವನ ಹತ್ತಿರ, ನನ್ನ ತಮ್ಮ, ನನ್ನ ಪಾಲುದಾರ, ಇಡೀ ಡರಮ್ ಸೀಮೆಯಲ್ಲಿ ಕಿಟಕಿ ತೊಳೆಯುವವರಲ್ಲೆಲ್ಲ ದೊಡ್ಡ ಸೋಮಾರಿ, ಗಿರಾಕಿಗಳ ಮನೆಯ ಏಣಿ ಹತ್ತಲು ಅವನಿಗೆ ಮಂಡಿ ನೋವು, ತನ್ನ ಪಾರಿವಾಳದ ಗೂಡಿನ ಏಣಿಗೆ ಯಾವ ನೋವೂ ಇಲ್ಲ. ಇವತ್ತು ಶಾಲೆಯ ಕಿಟಕಿಗಳು, ಎಷ್ಟೋ ಚಳಿಗಾಲ ಬೆನ್ನು ಹತ್ತಿ ಹಿಡಿದ ಕೆಲಸ, ಫೋನು ಮಾಡಿ ಪಂಪು ಒಡೆದಿದೆ ಎಂದರೆ ಮುಖ್ಯೋಪಾಧ್ಯಾಯಿನಿ ತುಂಬ ಮರ್ಯಾದೆಯಿಂದ, ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಳು, ಆ ಮರ್ಯಾದೆಗೆ ಬೆಂಕಿ ಬೀಳಲಿ.

ಕ್ಲೈವನ ಮನೆಗೆ ಹೋದರೆ ಅವನು ಹಿತ್ತಲಲ್ಲಿ ಚಪ್ಪಲಿ ಮೆಟ್ಟಿ ಬೇಕನ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ತುಟಿಯ ಮೇಲೆ ಕಂದು ಸಾಸು, ಕೇಳಿದರೆ ಮುಚ್ಚಿಡಲೂ ಇಲ್ಲ, ಒಂದ್ ರಾತ್ರಿ ತಾನೇ ಗ್ಲೆನಿಸ್, ಆ ಬೂದು ಹೆಣ್ಣು ಪಾರಿವಾಳಕ್ಕೆ ಮೈ ಸರಿಯಿರ್ಲಿಲ್ಲ, ನಡುಗ್ತಿತ್ತು ಕಣೇ, ಪಂಪು ಇನ್ನೊಂದು ಸಿಗುತ್ತೆ, ಅಂಥ ಹಕ್ಕಿ ಇನ್ನೊಂದು ಸಿಗಲ್ಲ. ಅಕ್ಕ ಸಿಗ್ತಾಳಾ ಇನ್ನೊಬ್ಳು, ಎಂದೆ. ನಿಂಗೇನಾಗಿದೆ, ಗಟ್ಟಿಯಾಗಿದ್ದೀಯಲ್ಲ, ಎಂದು ಇನ್ನೊಂದು ತುತ್ತು ಕಚ್ಚಿದ. ಗಟ್ಟಿ — ಹೋದ ಜನವರಿಯಲ್ಲಿ ಎದೆಯಲ್ಲಿ ಕಫ ಕಟ್ಟಿ ನಾನು ಮಲಗಿದ್ದಾಗ ಒಂದು ಬಟ್ಟಲು ಸೂಪು ತಂದನೇ ಈ ಪುಣ್ಯಾತ್ಮ, ಬಾಗಿಲಲ್ಲೇ ನಿಂತು, ವ್ಯಾನಿನ ಕೀಲಿ ಎಲ್ಲಿ ಎಂದು ಕೇಳಿ ಹೋದ, ಹಕ್ಕಿ ಸೀನಿದರೆ ಮಾತ್ರ ನಡುರಾತ್ರಿ ಎದ್ದು ನನ್ನ ಹೀಟರು ಹೊರುತ್ತಾನೆ. ಏಣಿ ಹತ್ತಿದೆ, ಗೂಡಿನೊಳಗೆ ಹಿಕ್ಕೆಯ ವಾಸನೆ, ಬೆಚ್ಚನೆಯ ಹುಲ್ಲು, ನನ್ನ ಮನೆಗಿಂತ ಬೆಚ್ಚಗೆ, ತಂತಿ ಕಿತ್ತೆ, ಹೀಟರು ಕಂಕುಳಲ್ಲಿ, ಬ್ಯಾಟರಿ ಕೈಯಲ್ಲಿ, ಕೆಳಗಿನಿಂದ ಅವನು ಮೊದಲ ಸಲ ಮೆತ್ತಗೆ ಹೇಳಿದ, ಬೇಡ ಗ್ಲೆನಿಸ್, ಸತ್ತೋಗುತ್ತೆ ಅದು, ಪಂಪು ಹೆಂಗೂ ಒಡೆದೋಗಿದೆಯಲ್ಲ. ಪಂಪೂ ಸತ್ತಿದೆ, ಲೆಕ್ಕ ಸರಿಹೋಯ್ತು, ಎಂದು ಇಳಿದು ಬಂದೆ, ಅವನು ಕೋಟು ಬಿಚ್ಚುತ್ತ ಮೇಲಕ್ಕೆ ಓಡಿದ, ಮಂಡಿ ನೋವಿಲ್ಲದೆ, ಓಡಲಿ, ಕೋಟಿನಲ್ಲಿ ಸುತ್ತಿಕೊಳ್ಳಲಿ, ತಬ್ಬಿಕೊಂಡು ಕೂರಲಿ.

ಈಗ ಹೀಟರು ವ್ಯಾನಿನ ಹಿಂಭಾಗದಲ್ಲಿ ಹೊತ್ತಿಕೊಂಡಿದೆ, ಸೀಳಿದ ಪಂಪಿನ ಪಕ್ಕ, ಕಾಯಲು ಏನೂ ಇಲ್ಲದ ಜಾಗದಲ್ಲಿ, ಗೆದ್ದೆ, ಹೌದು ಗೆದ್ದೆ, ಎಲ್ಲಿಗೆ ಹೋಗುತ್ತಿದ್ದೇನೆ, ಶಾಲೆಯಿಲ್ಲ, ಕೆಲಸವಿಲ್ಲ, ಮಂಜು ಕಟ್ಟದಿರಲೆಂದು ರಸ್ತೆಗೆ ಎರಚಿದ ಉಪ್ಪು ಚಕ್ರದಡಿ ಕರಕರ ಎಂದಿತು, ವ್ಯಾನು ಅಂಚಿಗೆ ನಿಲ್ಲಿಸಿದ್ದೇನೆ, ಆ ಹಕ್ಕಿ ರೆಕ್ಕೆಯನ್ನೂ ಬಡಿಯಲಿಲ್ಲವಲ್ಲ, ಕುಕ್ಕಲೂ ಇಲ್ಲ, ತಂತಿ ಕೀಳುವಾಗ ತಲೆ ಓರೆ ಮಾಡಿತು ಅಷ್ಟೇ, ಒಂದು ಕಿತ್ತಳೆ ಕಣ್ಣು, ರೆಪ್ಪೆ ಕೆಳಗಿನಿಂದ ಮೇಲಕ್ಕೆ ಬಂದು ಮುಚ್ಚಿತು, ತೆರೆಯಿತು — ಅವನೇ ಮಾಡಿಕೊಂಡದ್ದು, ಅವನದೇ ತಪ್ಪು — ಆ ಕಣ್ಣು, ಕೆಳಗಿನಿಂದ ಮೇಲಕ್ಕೆ, ಮುಚ್ಚಿತು, ತೆರೆಯಿತು, ಮುಚ್ಚಿತು