ಚುಕ್ಕಿಯ ಎಡಕ್ಕೆ ಉಮ್ಮ

ಬಂದ್ಯೋಡಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನುಸ್ರತ್‌ಳ ತಾಯಿ ಬೀವಿ, ಮದುವೆ ಮನೆಗಳಲ್ಲಿ ಬ್ಯಾರಿ ಭಾಷೆಯ ಹಾಡು ಹೇಳಿ ಹೆಸರಾದವರು. ಗಂಟಲಿನ ಆಪರೇಷನ್ ಆದ ಮೇಲೆ ಮಾತೇ ಪಿಸುದನಿಗೆ ಇಳಿಯಿತು, ಹಾಡು ನಿಂತೇ ಹೋಯಿತು. ಹಿಂದೆ ರೆಕಾರ್ಡ್ ಮಾಡಿದ್ದ ಹಾಡುಗಳು ನುಸ್ರತ್‌ಳ ಫೋನಿನಲ್ಲಿ ಮಾತ್ರ ಇದ್ದವು. ಆ ಫೋನು ಒಮ್ಮೆ ನೀರಿನ ಬಕೆಟಿಗೆ ಬಿದ್ದಾಗ ಅವಳ ಜೀವ ಬಾಯಿಗೆ ಬಂದಿತ್ತು; ಹೇಗೋ ಅದು ಬದುಕಿಕೊಂಡಿತು.

ಅಂಗಡಿಯ ವೆಬ್‌ಸೈಟ್ ಮಾಡಿಕೊಟ್ಟಿದ್ದ ಪೂಜಾಶ್ರೀಯನ್ನು, ಹಾಡುಗಳನ್ನೂ ಇಂಟರ್ನೆಟ್ಟಿನಲ್ಲಿ ಇಡಿಸಲು, ಮನೆಗೆ ಕರೆಸಿದಳು.

"ಹಾಡುಗಳಿಗೆ ಬೇರೆ ವೆಬ್‌ಸೈಟ್ ಹೆಸರು ತೆಕ್ಕೊಳ್ಬೇಕಾ ಪೂಜಾ? ಯಾರ ಹತ್ರ ಕೇಳ್ಬೇಕು?"

"ಯಾರ ಹತ್ರವೂ ಕೇಳ್ಲಿಕ್ಕಿಲ್ಲ ನುಸ್ರತಕ್ಕ. ನುಸ್ರತ್‌ಸ್ಟಿಚ್ ಡಾಟ್ ಇನ್ ನಿಮ್ಮದೇ ಅಲ್ವಾ? ಅದರ ಎಡಕ್ಕೆ ಚುಕ್ಕಿ ಇಟ್ಟು ನಿಮಗೆ ಬೇಕಾದ ಹೆಸರು ಸೇರಿಸ್ಬಹುದು."

"ಎಂತ ಹೆಸರೂ ಆಗ್ತದಾ?" ನುಸ್ರತ್ ಹೆಚ್ಚು ಯೋಚಿಸಲಿಲ್ಲ, ತಾಯಿಯನ್ನು ಕರೆಯುವ ಹೆಸರೇ ಬಾಯಿಗೆ ಬಂತು. "ಹಾಗಾದ್ರೆ ಉಮ್ಮ ಅಂತ ಹಾಕು."

ಪೂಜಾಶ್ರೀ ಹಾಡುಗಳನ್ನು ಒಂದು ಪುಟಕ್ಕೆ ಏರಿಸಿದಳು. ಆಮೇಲೆ ಆ ಹೆಸರನ್ನೂ ಅದು ಯಾವ ಕಂಪ್ಯೂಟರಿನಲ್ಲಿ ಸಿಗುತ್ತದೆ ಎಂಬುದನ್ನೂ ನುಸ್ರತ್‌ಸ್ಟಿಚ್‌ನ ಹೆಸರುಪಟ್ಟಿಯಲ್ಲಿ ಒಂದೇ ಸಾಲಾಗಿ ಬರೆದಳು. ಅಷ್ಟೇ. ನುಸ್ರತ್ ಶಾರ್ಜಾದಲ್ಲಿರುವ ತಮ್ಮ ತಂಸೀರನಿಗೆ ಫೋನು ಮಾಡಿ ವಿಳಾಸ ಹೇಳಿದಳು.

ಅವನು ಅದನ್ನು ತೆರೆದ ಕೂಡಲೇ ಅಲ್ಲಿಂದ ಉಮ್ಮನ ತುಂಬುಕಂಠ ಎದ್ದು ಬಂತು. ಹಾಡು ಮುಗಿದಾಗ ತಂಸೀರ್ ಮೂಗೆಳೆಯುವುದು ಕೇಳಿಸಿತು.

ನುಸ್ರತ್ ಪೂಜಾಶ್ರೀಯ ಕಡೆ ತಿರುಗಿದಳು. "ನಾವು ಈಗಷ್ಟೇ ಇಟ್ಟ ಹೆಸರು! ಶಾರ್ಜಾಕ್ಕೆ ಯಾರು ಹೇಳಿದ್ದು ಮಾರಾಯ್ತಿ?"

"ಯಾರೂ ಹೇಳಿಲ್ಲ. ಅಲ್ಲಿಯ ಫೋನು ವಿಳಾಸವನ್ನು ಬಲದಿಂದ ಎಡಕ್ಕೆ ಕೇಳಿಕೊಂಡು ಬರ್ತದೆ. ಮೊದಲು 'ಇನ್' ನೋಡಿಕೊಳ್ಳುವವರನ್ನು ಕೇಳ್ತದೆ. ಅವರಿಗೆ ಉಮ್ಮ ಗೊತ್ತಿಲ್ಲ, ನುಸ್ರತ್‌ಸ್ಟಿಚ್ ಬಗ್ಗೆ ಯಾರನ್ನು ಕೇಳ್ಬೇಕು ಅಂತ ಮಾತ್ರ ಗೊತ್ತು. ಅಲ್ಲಿಗೆ ಹೋದಾಗ ನಾವು ಬರೆದ ಸಾಲು ಸಿಕ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗೀತದೆ."

ಲೋಕದ ಎಲ್ಲ ಹೆಸರುಗಳನ್ನು ಬಲ್ಲವರು ಒಬ್ಬರೂ ಇಲ್ಲ. ಆದರೂ ಯಾರು ಹುಡುಕಿದರೂ ಉಮ್ಮ ಸಿಗುತ್ತಾಳೆ! ನುಸ್ರತ್ ವಿಳಾಸವನ್ನು ಬಲದಿಂದ ಎಡಕ್ಕೆ ಇನ್ನೊಮ್ಮೆ ಓದಿದಳು.

ಬಾಗಿಲ ಬಳಿ ಎಲ್ಲವನ್ನೂ ಕೇಳುತ್ತಿದ್ದ ಬೀವಿ ಪಿಸುಗುಟ್ಟಿದರು: "ಅಂಗಡಿಯ ಹಾಗೆ ಅದನ್ನು ಎಷ್ಟು ಗಂಟೆಗೆ ಮುಚ್ಚುವುದು?"

"ಮುಚ್ಚುವುದೇ ಇಲ್ಲ ಉಮ್ಮಾ."

ಬೀವಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಮಗಳ ಪಕ್ಕಕ್ಕೆ ಬಂದು ಕುಳಿತರು. "ಹಾಗಾದ್ರೆ ಇನ್ನೊಂದು ಹಾಡು ಹಾಕು," ಎಂದರು, "ನಾನೂ ಕೇಳ್ತೇನೆ."