ಎರಡು ಚಮಚೆ ಲಿಂಬೆರಸ

ಬಾರಿಹಣ್ಣಿನ ಗಿಡದ ಎಲೆಗಳನ್ನು ಟೊಂಗೆಯಿಂದ ಬಿಡಿಸಿ ಬಿಸಿನೀರಿನ ಹಂಡೆಗೆ ಹಾಕುತ್ತಿದ್ದ ದಿಲನಾಜಳ ಕೈಯನ್ನು ರಮಜಾನಬಿ ತಡೆದು ಹಿಡಿದಳು.

"ನೀ ಬಿಡು. ಅವನ ನೀರಿಗೆ ನಿನ್ನ ಕೈ ಬ್ಯಾಡ."

ಸತ್ತವನಿಗೆ ಮೀಸುವ ನೀರಿಗೆ ಬಾರಿ ಎಲೆ ಹಾಕುವುದು ಬ್ಯಾಡಗಿಯ ಆ ಓಣಿಯಲ್ಲಿ ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ. ಸತ್ತವನು ಫಕ್ಕೀರಸಾಬ. ದಿಲನಾಜ ಅವನ ಒಬ್ಬಳೇ ಮಗಳು, ರಾಣೇಬೆನ್ನೂರಿಗೆ ಕೊಟ್ಟವಳು. ರಮಜಾನಬಿ ಅವನ ಅಕ್ಕ, ತಾಯಿಯಿಲ್ಲದ ದಿಲನಾಜಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಫುಪ್ಪು. ಬೇರೆ ಯಾರಾದರೂ ಅಂದಿದ್ದರೆ ದಿಲನಾಜ ಒಂದಕ್ಕೆರಡು ಆಡುತ್ತಿದ್ದಳು. ಅಂದವಳು ಫುಪ್ಪು. ಕೈಯಲ್ಲಿದ್ದ ನಾಲ್ಕು ಎಲೆಯನ್ನು ಬುಟ್ಟಿಗೆ ಹಾಕಿ ಎದ್ದು ಹೋಗಿ ಹಿತ್ತಲ ಗೋಡೆಗೆ ಒರಗಿ ನಿಂತಳು.

"ಹುಳಿ ಕೊಡಬ್ಯಾಡ ಅಂತ ನಾ ಬಡಕೊಂಡಿದ್ದೆ," ರಮಜಾನಬಿ ಸುತ್ತ ಕೂತ ಹೆಂಗಸರಿಗೆ ಹೇಳುತ್ತಿದ್ದಳು. "ಲಿಂಬಿ ಹಿಂಡಿ ಕುಡಿಸಿದ್ಲು. ಮರುದಿನಾನ ಡಾಕ್ಟರ್ ಅಂದ್ರು, ರಕ್ತಾ ಹುಳಿ ಆಗೈತಿ ಅಂತ. ಇನ್ನೇನ್ ಹೇಳ್ಬೇಕವಾ?"

ಊರ ಬಾಯಿಗೆ ಇಷ್ಟು ಸಿಕ್ಕರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ದಿಲನಾಜ ಅದನ್ನು ಸುಳ್ಳೆನ್ನಲೂ ಆರಳು. ಕುಡಿಸಿದ್ದು ಖರೆ. ಹಿಂದಿನ ಭಾನುವಾರ ಸಂಜೆ ಎರಡು ಚಮಚೆ ಲಿಂಬೆರಸ, ಚಿಟಿಕೆ ಉಪ್ಪು, ಅರ್ಧ ಲೋಟ ನೀರು. ಸೋಮವಾರ ಆಸ್ಪತ್ರೆ. ಇವತ್ತು ಬುಧವಾರ ಬೆಳಗಿನ ನಮಾಜಿನ ಹೊತ್ತಿಗೆ ಎಲ್ಲ ಮುಗಿದಿತ್ತು. ಆಗಿನಿಂದ ಅವಳು ತಂದೆಯ ಮುಖ ನೋಡಿರಲಿಲ್ಲ. ಮಧ್ಯಾಹ್ನದ ನಮಾಜಿಗೆ ಮುಂಚೆ ಶವ ಹೊತ್ತ ಜನಾಜಾ ಎತ್ತುತ್ತಾರೆ. ಅದಕ್ಕೆ ಮೊದಲು ಹೊದಿಸಿದ ಕಫನ್ ಸರಿಸಿ ಎಲ್ಲರಿಗೂ ಮುಖ ತೋರಿಸುತ್ತಾರೆ. ಕಬರಸ್ತಾನಕ್ಕೆ ಹೆಂಗಸರು ಹೋಗುವುದಿಲ್ಲವಾದ್ದರಿಂದ ಅವಳಿಗೆ ಅದೇ ಕಡೆಯದು. ಕೊಂದ ಕೈಯವಳು ಯಾವ ಮುಖ ಹೊತ್ತು ಆ ಮುಖ ನೋಡಬೇಕು?

*

ಫಕ್ಕೀರಸಾಬ ಹಾವೇರಿಯ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದ. ರೈತರು ತಂದ ಮಣ್ಣನ್ನು ನೆರಳಲ್ಲಿ ಆರಿಸಿ, ಕುಟ್ಟಿ, ಸಾಣಿಸಿ, ನೀರಲ್ಲಿ ಕಲಕಿ ಇಡುವುದು ಅವನ ಕೆಲಸ. ಹುಳಿ ಅಳೆಯುವ ಮಿಷನ್ನಿನ ಗಾಜಿನ ಕಡ್ಡಿ ಅದ್ದಿ ಅಂಕಿ ಬರೆದುಕೊಳ್ಳುವುದು ಸಾಹೇಬರ ಕೆಲಸ. ಸಾಹೇಬರು ರಜೆಯಲ್ಲಿದ್ದಾಗ ಅದೂ ಅವನದೇ. ಸಾಹೇಬರ ರಜೆಗೇನೂ ಬರವಿರಲಿಲ್ಲ.

ದಿಲನಾಜ ಹತ್ತನೇ ತರಗತಿ ಓದುತ್ತಿದ್ದಾಗ ಒಮ್ಮೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಮೇಜಿನ ಮೇಲೆ ನಾಲ್ಕು ಗಾಜಿನ ಲೋಟ ಇಟ್ಟು ಒಂದರಲ್ಲಿ ಹುಣಸೆ ನೀರು, ಒಂದರಲ್ಲಿ ಮಜ್ಜಿಗೆ, ಒಂದರಲ್ಲಿ ಬರಿ ನೀರು, ಒಂದರಲ್ಲಿ ಸುಣ್ಣದ ತಿಳಿ ಹಾಕಿದ. ಕಡ್ಡಿಯನ್ನು ಒಂದೊಂದರಲ್ಲಿ ಅದ್ದಿದಂತೆ, ಹುಳಿ ಕಮ್ಮಿಯಾದಷ್ಟೂ ಅಂಕಿ ಏರುತ್ತ ಹೋಯಿತು.

"ನಾಲಿಗಿಗೆ ಹುಣಸಿ ಬ್ಯಾರೆ, ಮಜ್ಜಿಗಿ ಬ್ಯಾರೆ. ಮಿಷನ್ನಿಗೆ ಎಲ್ಲಾ ಒಂದ," ಅಂದ. "ಇರಿವಿ ಕಡಿದ್ರ ಉರಿತದಲ್ಲ, ಅದೂ ಇದ. ಬ್ಯಾಟರಿ ಆ್ಯಸಿಡ್ಡೂ ಇದ. ಹೊಟ್ಯಾಗ ರೊಟ್ಟಿ ಕರಗಸೂದೂ ಇದ. ಪ್ರೋಟಾನು ಅಂತಾರ. ಪರಮಾಣುಗಳೊಳಗ ಅದಕ್ಕಿಂತ ಬಡವ ಇನ್ನೊಬ್ಬ ಇಲ್ಲ, ಇದ್ದೊಂದು ಎಲೆಕ್ಟ್ರಾನೂ ಕಳಕೊಂಡು ಬರಿಗೈಲೆ ಅಡ್ಡಾಡ್ತಾನ. ಎಲ್ಲಿ ಇಳದ ಅಲ್ಲಿ ಹುಳಿ."

"ನೀವು ನೋಡೀರೇನು ಅಬ್ಬಾ?"

"ಯಾರೂ ನೋಡಿಲ್ಲ. ಎಷ್ಟು ಮಂದಿ ಬಂದಾರ ಅನ್ನೂದಷ್ಟ ಗೊತ್ತಾಗ್ತದ." ಹಾಗೆನ್ನುತ್ತ ಅವನು ಅಂಕಿ ತೋರಿಸುವ ಕಿಟಕಿಯನ್ನೇ ನೋಡುತ್ತ ನಿಂತಿದ್ದ. ದರ್ಗಾದ ಹೊಸ್ತಿಲಲ್ಲಿ ನಿಂತಾಗಲೂ ಅವನ ಮುಖ ಅಷ್ಟು ಮೆತ್ತಗಾದದ್ದನ್ನು ದಿಲನಾಜ ಕಂಡಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ಹಾವೇರಿಯಿಂದ ಪರಮೇಶಪ್ಪ ಬಂದರು. ಫಕ್ಕೀರಸಾಬನ ಸಾಹೇಬರಾಗಿದ್ದವರು, ಅವರೂ ಈಗ ನಿವೃತ್ತರು. ಅವರ ಹಿಂದೆಯೇ ಕಾಗಿನೆಲೆಯ ರೈತ ಮಾಲತೇಶಪ್ಪ ಬಸ್ಸಿಳಿದು ಬಂದ. ಹಂದರದಡಿ ಕೂತವರಿಗೆಲ್ಲ ಕೈಮುಗಿದು ಹೇಳಿದ:

"ನಮ್ಮ ಹೊಲಾ ಸೌಳು ಉಪ್ಪು ಹಿಡದು ಬೀಜ ಹುಟ್ಟದ ಹೋಗತಿತ್ರಿ. ಬಿಟ್ಟು ಹೋಗೂದ ಅಂದಿದ್ದೆ. ಸಾಬಣ್ಣ ಬಂದು ಅರಿಷಿಣ ಹಚ್ಚಿದ ಅರಿವಿ ಮಣ್ಣನೀರಾಗ ಅದ್ದಿ, ಕೆಂಪಾಗಿದ್ದು ತೋರಿಸಿದ. ಜಿಪ್ಸಮ್ ಹಾಕು, ನೀರು ಬಸಿಯಂಗ ಕಾಲಿವಿ ತಗಿ ಅಂದ. ಮೂರು ವರ್ಷ ಬಿಡದ ಬಂದು ನೋಡಿದ್ರಿ. ಈಗ ಅಲ್ಲಿ ಮೆಣಸಿನಕಾಯಿ ಬೆಳಿತೇನಿ."

ಪರಮೇಶಪ್ಪ ತಲೆಯಾಡಿಸಿದರು. ಸುತ್ತ ಕಣ್ಣಾಡಿಸಿ, "ಮಗಳು ಎಲ್ಲಿ?" ಎಂದರು. ಯಾರೋ ಹಿತ್ತಲ ಕಡೆ ಕೈ ತೋರಿಸಿದರು. ತೋರಿಸಿದ ಕೈಯ ಧಾಟಿಯಲ್ಲೇ ಅವರಿಗೆ ಏನೋ ಸರಿಯಿಲ್ಲ ಅನ್ನಿಸಿತು.

ದಿಲನಾಜ ಅವರನ್ನು ಕಂಡವಳೇ ಸೆರಗು ತಲೆಗೆಳೆದುಕೊಂಡು ಕೇಳಿಬಿಟ್ಟಳು:

"ಸಾಹೇಬ್ರ, ನೀವು ಓದಿದವ್ರು. ಮುಚ್ಚಬ್ಯಾಡ್ರಿ. ನಾ ಕೊಟ್ಟ ಲಿಂಬಿರಸದಿಂದ ಅಬ್ಬಾನ ರಕ್ತಾ ಹುಳಿ ಆತೇನ್ರಿ?"

*

ಆಸ್ಪತ್ರೆಯಲ್ಲಿ ಫಕ್ಕೀರಸಾಬ ಉಸಿರಾಡುತ್ತಿದ್ದ ರೀತಿ ಅವಳ ಕಣ್ಣಿಂದ ಹೋಗಿರಲಿಲ್ಲ. ಏದುಸಿರಲ್ಲ, ಕೆಮ್ಮಿಲ್ಲ. ದೂರದ ದಾರಿ ನಡೆದು ಬಂದವನಂತೆ ಎದೆ ತುಂಬ ಎಳೆದು, ಎದೆ ಬರಿದಾಗುವಂತೆ ಬಿಡುತ್ತಿದ್ದ. ನಿದ್ದೆಯಲ್ಲೂ ಹಾಗೆಯೇ. ಎರಡು ವರ್ಷದಿಂದ ಸೊರಗುತ್ತ ಬಂದಿದ್ದ ಕಿಡ್ನಿ ಪೂರಾ ಕೈಬಿಟ್ಟಿದೆ, ಬುಧವಾರ ಬೆಳಿಗ್ಗೆ ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಒಯ್ಯಿರಿ ಎಂದಿದ್ದರು ಡಾಕ್ಟರು.

ಮಂಗಳವಾರ ಅವನು ರಕ್ತದ ವರದಿ ಕೇಳಿ ಇಸಿದುಕೊಂಡ. ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದ.

"ಏಳು ಪಾಯಿಂಟ್ ಒಂದು," ಅಂದ. ಪ್ರತಿ ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿತ್ತು. "ಇರಬೇಕಾದ್ದು ಏಳು ಪಾಯಿಂಟ್ ನಾಕು. ಮಣ್ಣಿನಾಗ ಇಷ್ಟು ಫರಕು ಬಂದ್ರ... ನಾವು ಲೆಕ್ಕಕ್ಕ ಹಿಡೀತಿರಲಿಲ್ಲ ಬೇಟಾ."

"ಮಾತಾಡಬ್ಯಾಡ್ರಿ ಅಬ್ಬಾ."

"ಅಷ್ಟು ಸಣ್ಣ ತಕ್ಕಡಿ... ಅರವತ್ತೆರಡು ವರ್ಷ... ನಾ ನಿದ್ದಿ ಮಾಡಿದಾಗೂ ಯಾರು ಹಿಡಿದಿದ್ರು ಇದನ್ನ?" ಅವನ ಕಣ್ಣು ತುಂಬಿತ್ತು. ಹೆದರಿದ ಕಣ್ಣಲ್ಲ ಅದು. ದಿಲನಾಜಳಿಗೆ ಮಾತ್ರ ಆಗ ಬೇರೇನೂ ತೋಚಲಿಲ್ಲ. ಹುಳಿ ಎಂಬ ಒಂದೇ ಮಾತು ತಲೆಯಲ್ಲಿತ್ತು.

*

ಪರಮೇಶಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಒಳಗೆ ಮೀಸುವುದು ಮುಗಿದಿತ್ತು, ರಮಜಾನಬಿಯೂ ಹಂಡೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು.

"ಮುಂಜಾನೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಎಲ್ಲಾ ಕೇಳೇ ಬಂದೇನಿ," ಎಂದರು. "ಈ ಹುಳಿ ಹೊರಗಿಂದ ಬಂದದ್ದಲ್ಲ ತಂಗಿ. ಉಂಡ ಅನ್ನ ಒಳಗ ಉರಿದು ದಿನಾ ಹುಳಿ ಹುಟ್ಟತದ, ನಿಂಗೂ, ನಂಗೂ. ಅದನ್ನ ಹೊರಗ ಹಾಕೂದು ಕಿಡ್ನಿ ಕೆಲಸ. ಅದು ನಿಂತಿತ್ತು. ಲಿಂಬಿರಸ ನಾಲಿಗಿಗಷ್ಟ ಹುಳಿ. ಒಳಗ ಹೋದ ಮ್ಯಾಲ ಅದೂ ಉರಿದು ಗಾಳಿ, ನೀರು ಆಗಿ ಹೋಗ್ತದ. ಅದರಿಂದ ಏನೂ ಆಗಿಲ್ಲ, ಡಾಕ್ಟರ್ ಹೇಳಿದ್ದೂ ಕಿಡ್ನಿ ಮಾತೊಂದ."

ದಿಲನಾಜ ನಂಬಲಿಲ್ಲ. "ಮತ್ತ ಆ ಉಸುರು? ಅಷ್ಟು ಸಂಕಟಪಟ್ರಲ್ಲ?"

"ಅಡಿಗಿ ಸೋಡಾದ ಮ್ಯಾಲ ಹುಳಿ ಹಾಕಿದ್ರ ಬುಸ್ ಅಂತ ಗಾಳಿ ಏಳ್ತದಲ್ಲ? ರಕ್ತದಾಗೂ ಅಂಥ ಸೋಡಾ ಐತಿ. ಪ್ರೋಟಾನು ಸಿಕ್ಕ ಕೂಡಲೆ ಅದನ್ನ ಹಿಡಿದು ಗಾಳಿ ಮಾಡ್ತದ. ಆ ಗಾಳೀನ ನಾವು ಉಸುರಿನಾಗ ಹೊರಗ ಬಿಡೂದು. ಕಿಡ್ನಿ ಕೈ ಬಿಟ್ಟ ಮ್ಯಾಲ ನಿಮ್ಮಪ್ಪನ ಎದಿ ಒಂದ ಆ ಕೆಲಸಾ ಮಾಡ್ತು. ಒಬ್ಬರ ಹೆಗಲಿಗೆ ಇಬ್ಬರ ಭಾರ. ಹಗಲೂ ರಾತ್ರಿ ಒಂದೊಂದು ಉಸುರಿಗೂ ಹುಳಿ ಹೊರಗ ಹಾಕಿದ. ಅದು ಸಾಯೂ ಉಸುರಲ್ಲವಾ, ಬದುಕೂ ಉಸುರು."

ಪರಮೇಶಪ್ಪನವರ ದನಿ ಇಳಿಯಿತು.

"ಮೂವತ್ತು ವರ್ಷ ಅಂಕಿ ಬರಕೊಂಡೆ, ನಾನೂ ಇದನ್ನ ಮನಸಿಗೆ ತಂದುಕೊಂಡಿದ್ದಿಲ್ಲ. ಇಡೀ ದೇಶದ ಮಂದೀನ ಒಂದು ಬಯಲಿನಾಗ ನಿಲ್ಲಿಸಿದ್ರ ಅದರಾಗ ಒಬ್ಬ, ಹೆಚ್ಚುಕಡಿಮಿ ಅಷ್ಟ ನಮ್ಮ ರಕ್ತದ ನೀರಿನ ಕಣಗಳಾಗ ಈ ಪ್ರೋಟಾನು. ಆ ಒಬ್ಬ ಇರಬೇಕು. ಇಬ್ಬರಾದ್ರ ಜೀವಕ್ಕ ಕುತ್ತು. ನಿಮ್ಮಪ್ಪನ ರಕ್ತದಾಗ ಇಬ್ಬರಾಗಿದ್ರು."

ಆಮೇಲೆ ಬಾಗಿಲ ಕಡೆಯಿಂದ ರಮಜಾನಬಿಯ ಸಣ್ಣ ದನಿ ಬಂತು.

"ಹುಣಸಿ ಸಾರೂ... ಹಂಗನರಿ ಸಾಹೇಬ್ರ?"

ಪರಮೇಶಪ್ಪ ತಿರುಗಿ ನೋಡಿದರು.

"ಬಾಯಿ ಕೆಟ್ಟೈತಿ ಆಪಾ, ಒಂದೀಟು ಸಾರು ಕೊಡು ಅಂದ. ಭಾನುವಾರ ಮಧ್ಯಾಹ್ನ. ಇಕಿಗೆ ಕಾಣದಂಗ ಒಂದು ಬಟ್ಟಲಾ ಕುಡಿಸಿದೆ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಲ್ಲಾರ ಮುಂದ ಇಕಿ ಹೆಸರು ಹೇಳಿದೆ. ನನ್ನ ಹೆಸರು ನನ್ನ ಬಾಯಾಗ ಬರಲಿಲ್ಲರಿ."

"ಅದರಿಂದಾನೂ ಏನೂ ಆಗಿಲ್ಲವಾ. ರುಚಿ ನೋಡಿ ಹೋದ, ಅಷ್ಟ."

ದಿಲನಾಜಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಫುಪ್ಪುವೂ ಸೋಮವಾರದಿಂದ ಇದೇ ಭಯ ಹೊತ್ತಿದ್ದಳು ಎಂದು ತಿಳಿದು ಅದು ಅಲ್ಲೇ ನಿಂತಿತು. ಕಾಣದ ಕಳ್ಳನನ್ನು ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಹುಡುಕಿದ್ದರು.

"ಲಗೂ ಬರ್ರಿ, ಜನಾಜಾ ಎತ್ತಾಕತ್ತಾರ," ಎಂದು ಒಳಗಿಂದ ಕೂಗಿದರು.

ರಮಜಾನಬಿಯೇ ಬಂದು ಅವಳ ಮೊಳಕೈ ಹಿಡಿದಳು. ಇಬ್ಬರೂ ಹೆಂಗಸರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರು. ಕಫನ್ನಿನ ಅಂಚು ಸರಿಸಿತ್ತು. ಕರ್ಪೂರದ ವಾಸನೆ. ತಂದೆಯ ಮುಖ, ಬಹಳ ದೂರದ ಕೆಲಸ ಮುಗಿಸಿ ಬಂದು ಮಲಗಿದವನ ಮುಖ. ದಿಲನಾಜ ಕಣ್ತುಂಬ ನೋಡಿದಳು, ನಾಚದೆ ಅತ್ತಳು. ಆಮೇಲೆ ಗಂಡಸರು ಹೆಗಲು ಕೊಟ್ಟರು. ಪರಮೇಶಪ್ಪ ಒಂದು ಕಡೆ, ಮಾಲತೇಶಪ್ಪ ಇನ್ನೊಂದು ಕಡೆ ಹಿಡಿದು ನಡೆದರು.

ಮೂರು ಗಂಟೆಗೆ ಮಣ್ಣು ಕೊಟ್ಟವರು ತಿರುಗಿ ಬಂದು ಹಂದರದಡಿ ಕೂತರು. ಪಕ್ಕದ ಮನೆಯವರು ಚಹಾ ತಂದರು. ರಮಜಾನಬಿ ಎರಡು ದಿನ ನಿದ್ದೆಗೆಟ್ಟವಳು, ಪಡಸಾಲೆಯ ಚಾಪೆಯ ಮೇಲೆ ಕೂತಲ್ಲೇ ವಾಲಿದಳು. ದಿಲನಾಜ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಾಯಿ ತುಸು ತೆರೆದು ಮುದುಕಿ ಗಾಢವಾಗಿ ನಿದ್ದೆ ಹೋದಳು. ಒಳಗೆಳೆದುಕೊಂಡ ಉಸಿರು ಒಂದು ಕ್ಷಣ ನಿಂತು ಮೆಲ್ಲಗೆ ಹೊರಬರುತ್ತಿತ್ತು. ಅದರ ಬಿಸಿ ದಿಲನಾಜಳ ಮುಂಗೈಗೆ ತಾಗಿತು. ಅವಳು ತಲೆಯೆತ್ತಿ ಹೊರಗೆ ನೋಡಿದಳು. ಚಹಾ ಕುಡಿಯುತ್ತಿದ್ದವರು, ಮಾತಾಡುತ್ತಿದ್ದವರು, ಸುಮ್ಮನೆ ಕೂತವರು, ಅಷ್ಟೂ ಜನರ ಎದೆ ಏರಿ ಇಳಿದು ಹುಳಿ ಹೊರಹಾಕುತ್ತಿತ್ತು, ಒಬ್ಬರಿಗೂ ಅದರ ಅರಿವಿರಲಿಲ್ಲ.